ಹಿಮದಡಿಯಲ್ಲಿ ಎರಡು ಸೇಬಿನ ಗಿಡ

ಕೊರೊನಾ ನಿರ್ಬಂಧಗಳು ಸಡಿಲವಾದ ವರ್ಷ ನಾನು ಜಪಾನಿನ ಉತ್ತರ ತುದಿಯ ಹೊಕ್ಕೈಡೋ ದ್ವೀಪದಲ್ಲಿ, ಅಸಾಹಿಕಾವಾ ಊರಿನ ಒಂದು ನರ್ಸರಿಯಲ್ಲಿ ಗಾರ್ಡನ್ ಪ್ಲಾನರ್ ಆಗಿದ್ದೆ. ಮನೆಯಂಗಳಕ್ಕೆ ಒಗ್ಗುವ ಗಿಡಗಳನ್ನು ಆರಿಸಿ ನೆಡಿಸುವುದು ನನ್ನ ಕೆಲಸ. ಬಾಗಲಕೋಟೆಯಲ್ಲಿ ತೋಟಗಾರಿಕೆ ಓದಿದವಳಿಗೆ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿಳಿಯುವ ಊರು ಹೊಸದು. ಹಾಗಾಗಿ ಪ್ರತಿ ಗಿಡದ ಹಾರ್ಡಿನೆಸ್, ಅಂದರೆ ಅದು ತಡೆಯಬಲ್ಲ ಚಳಿಯ ಅಂಕಿಯನ್ನು, ಮೂರು ಮೂರು ಸಲ ನೋಡುತ್ತಿದ್ದೆ.

ಆ ಶರತ್ಕಾಲದಲ್ಲಿ ಮೈಸೂರಿನ ವಿದ್ಯಾ ನರ್ಸರಿಗೆ ಬಂದಳು. ಗಂಡನಿಗೆ ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಸಿಕ್ಕಿದ್ದರಿಂದ ದಕ್ಷಿಣದ ಇಚಿಕಾವಾ ನಗರದ ಅಪಾರ್ಟ್‌ಮೆಂಟ್ ಬಿಟ್ಟು ಇಲ್ಲಿ ಹಳೆಯ ಮನೆ ಕೊಂಡಿದ್ದರು. ಹಿಂದಿನ ವರ್ಷ ಅವಳು ಇಲ್ಲಿ ನೆಟ್ಟ ದಾಳಿಂಬೆ, ಗುಲಾಬಿ ಎಲ್ಲವೂ ಚಳಿಗೆ ಸತ್ತಿದ್ದವು.

“ಅಕ್ಕಾ, ಈ ಸಲಾನೂ ಸತ್ರೆ ಗಾರ್ಡನ್ ತಂಟೆಗೇ ಹೋಗಲ್ಲ. ಇಲ್ಲಿ ಮಾತಾಡೋಕೆ ಯಾರೂ ಇಲ್ಲ, ಗಿಡಗಳಾದ್ರೂ ಇರ್ಲಿ ಅಂತ,” ಎಂದಳು.

ಅವಳ ಅಂಗಳಕ್ಕೆ ಚಳಿಗಾಲ ಕಳೆದು ಬೇರಿನಿಂದ ಮತ್ತೆ ಚಿಗುರುವ ಪಿಯೋನಿ, ಡೇಲಿಲಿ, ಫ್ಲಾಕ್ಸ್ ಹೂಗಿಡಗಳನ್ನು ಆರಿಸಿದೆ. ಪರಾಗಸ್ಪರ್ಶವಾಗಲೆಂದು ಬೇರೆ ಬೇರೆ ತಳಿಯ ಎರಡು ಸೇಬಿನ ಗಿಡ ಹಾಕಿಸಿದೆ. ಪಕ್ಕದ ಮನೆಯ ಹಿರಿಯರು ಸಾತೋ-ಸಾನ್ ಬೇಲಿಯಾಚೆ ನಿಂತು ನೋಡುತ್ತಿದ್ದರು. ಅವರ ಮರಗಳ ಬುಡಕ್ಕೆ ತಂತಿಬಲೆ ಸುತ್ತಿತ್ತು. ಏಕೆಂದು ನಾನು ಕೇಳಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಹಿಮ ಕರಗಿದಾಗ ವಿದ್ಯಾಳ ಫೋನ್ ಬಂತು. ಹೋಗಿ ನೋಡಿದೆ. ಪಿಯೋನಿಯ ಕೆಂಪು ಮೊಳಕೆಗಳೇನೋ ಎದ್ದಿದ್ದವು. ಆದರೆ ಒಂದು ಸೇಬಿನ ಗಿಡದ ಬುಡದಲ್ಲಿ ಸುತ್ತಲೂ ನಾಲ್ಕು ಬೆರಳಗಲ ತೊಗಟೆಯೇ ಇರಲಿಲ್ಲ. ಇನ್ನೊಂದಕ್ಕೆ ಅರ್ಧ ಸುತ್ತು ಹೋಗಿತ್ತು.

“ಹಿಮದ ಕೆಳಗೆ ಇಲಿಗಳು ಓಡಾಡುತ್ತವೆ, ತೊಗಟೆ ತಿನ್ನುತ್ತವೆ. ತಂತಿಬಲೆ ಅದಕ್ಕೇ. ನೀವು ತಿಳಿದವರು, ನಾನೇನು ಹೇಳುವುದೆಂದು ಸುಮ್ಮನಿದ್ದೆ. ಸುಮಿಮಾಸೆನ್, ಕ್ಷಮಿಸಿ,” ಎಂದು ಸಾತೋ-ಸಾನ್ ಜಪಾನಿಯಲ್ಲಿ ಹೇಳಿ ತಲೆಬಾಗಿದರು. ತಲೆಬಾಗಬೇಕಾದವಳು ನಾನು.

ಎಲೆಗಳು ತಯಾರಿಸಿದ ಆಹಾರ ತೊಗಟೆಯ ಮೂಲಕವೇ ಬೇರಿಗಿಳಿಯಬೇಕು. ಆ ದಾರಿ ಕಡಿದರೆ ಬೇರು ಹಸಿದು ಸಾಯುತ್ತದೆ. ಅರ್ಧ ತೊಗಟೆ ಉಳಿದ ಗಿಡ ತಾನೇ ಚೇತರಿಸಿಕೊಂಡೀತು; ಸುತ್ತಲೂ ಹೋದದ್ದಕ್ಕೆ ಉಳಿದದ್ದು ಬ್ರಿಡ್ಜ್ ಗ್ರಾಫ್ಟಿಂಗ್ ಒಂದೇ: ಅದೇ ಗಿಡದ ಕಡ್ಡಿಗಳನ್ನು ಗಾಯದ ಮೇಲೂ ಕೆಳಗೂ ತೊಗಟೆಯೊಳಗೆ ಸಿಕ್ಕಿಸಿ ಸೇತುವೆ ಕಟ್ಟುವುದು. ಓದಿದ್ದೆ, ಮಾಡಿರಲಿಲ್ಲ. ನಾಲ್ಕು ಕಡ್ಡಿ ಕೂರಿಸುವಾಗ ಒಂದು ಸೀಳಿ ಮೂರು ಉಳಿದವು.

ಮೇ ತಿಂಗಳಲ್ಲಿ ಆ ಗಿಡ ಮೊಗ್ಗು ಬಿಟ್ಟಿತು. ವಿದ್ಯಾಳ ಮುಖ ಅರಳಿತು. ನನಗೆ ಮಾತ್ರ ನೆಮ್ಮದಿಯಿಲ್ಲ. ಕೂಡಿಟ್ಟ ಆಹಾರದ ಬಲದಿಂದಲೇ ಸಾಯುವ ಗಿಡವೂ ಒಂದು ವಸಂತ ಹೂಬಿಡಬಲ್ಲದು. ಅದನ್ನು ಅವಳಿಗೆ ಹೇಳಲೇಬೇಕಾಯಿತು.

“ಹಂಗಾದ್ರೆ ಇದು ಬದುಕತ್ತಾ ಇಲ್ವಾ?”

“ಗೊತ್ತಿಲ್ಲ ವಿದ್ಯಾ. ತಪ್ಪು ನಂದೇ. ಈ ವರ್ಷ ಮೊಗ್ಗೆಲ್ಲ ಕಿತ್ತುಬಿಡೋಣ, ಗಿಡಕ್ಕೆ ಭಾರ ಬೇಡ.”

ಅವಳು ಮೊಗ್ಗುಗಳನ್ನು ಒಂದೊಂದಾಗಿ ಕಿತ್ತಳು. ಬೇಸಿಗೆಯುದ್ದಕ್ಕೂ ಪ್ರತಿ ವಾರ ಹೋಗಿ ಎಲೆ ಬಾಡಿದೆಯೇ ಎಂದು ನೋಡುತ್ತಿದ್ದೆ. ಆಗಸ್ಟ್ ಹೊತ್ತಿಗೆ ಮೂರರಲ್ಲಿ ಎರಡು ಕಡ್ಡಿಗಳು ದಪ್ಪವಾಗಿ ಕಾಂಡಕ್ಕೆ ಬೆಸೆದುಕೊಂಡಿದ್ದವು. ಹಿಮ ಬೀಳುವ ಮೊದಲೇ ಎರಡರ ಬುಡಕ್ಕೂ ತಂತಿಬಲೆ ಸುತ್ತಿದೆವು. ಮುಂದಿನ ವಸಂತದಲ್ಲಿ ಎರಡೂ ಗಿಡ ಚಿಗುರಿದವು.

ಗಿಡ ಎಷ್ಟು ಚಳಿ ತಡೆಯುತ್ತದೆಂದು ಪುಸ್ತಕ ಹೇಳುತ್ತದೆ. ಆ ನೆಲದಲ್ಲಿ ಇನ್ನೇನಿದೆಯೆಂದು ಅಲ್ಲಿ ಬಾಳಿದವರಿಗೆ ಗೊತ್ತು. ಅವರು ತಾವಾಗಿ ಹೇಳಲಿ ಎಂದು ಕಾಯಬಾರದು, ಕೇಳುವುದೂ ನನ್ನ ಕೆಲಸವೇ.