ಒಟ್ಟು ಇಲ್ಲದ ಕಾರ್ಡು

ತಮಿಳು ಸೀಮೆಯ ಪೋರೂರಿನ ಒಂದು ಶಾಲೆಯಲ್ಲಿ ನಾನು ಮೂರನೇ ತರಗತಿಗೆ ಪಾಠ ಹೇಳುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಒಂದು ಜೂನಿನಲ್ಲಿ ಮಾರ್ಕ್ಸು, ರ್‍ಯಾಂಕು ಎರಡನ್ನೂ ತೆಗೆದುಹಾಕಿದರು. ಇನ್ನು ಮೇಲೆ ಪ್ರಗತಿ ಕಾರ್ಡಿನಲ್ಲಿ ಮಗು ಕಲಿಯಬೇಕಾದ ಒಂದೊಂದು ವಿದ್ಯೆಯ ಮುಂದೆ ‘ತಾನೇ ಮಾಡುತ್ತದೆ’, ‘ಸಹಾಯ ಬೇಕು’, ‘ಇನ್ನೂ ಬಂದಿಲ್ಲ’ ಎಂದಷ್ಟೇ ಬರೆಯಬೇಕು. ಬರೆಯುವುದೇನೋ ಸುಲಭ. ಅದನ್ನು ಅಪ್ಪ ಅಮ್ಮಂದಿರಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು.

ಕನ್ನಡದವರು ಬಂದರೆ ನನ್ನ ಕಡೆಗೇ ಸಾಗಹಾಕುತ್ತಿದ್ದರು. ಹಾಗೆ ಬಂದವರು ಧಾರವಾಡದ ಕಡೆಯ ಒಬ್ಬ ರೈಲ್ವೆ ಗುಮಾಸ್ತರು, ಜೊತೆಗೆ ನನ್ನ ತರಗತಿಯ ಅವರ ಮಗಳು. ಕಾರ್ಡಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ತಾನೇ’ಗೆ ಮೂರು, ‘ಸಹಾಯ’ಕ್ಕೆ ಎರಡು ಎಂದು ಹಾಕಿ, ಕೂಡಿಸಿ, ಶೇಕಡಾ ತೆಗೆದಿದ್ದರು. ಎಪ್ಪತ್ತೊಂದು. ಪಕ್ಕದ ಮನೆಯ ಹುಡುಗಿಯ ಕಾರ್ಡನ್ನೂ ತರಿಸಿ ನೋಡಿದ್ದರಂತೆ, ಅವಳದು ಎಪ್ಪತ್ತಾರು. ಈ ಶಾಲೆ ಬೇಡ, ಟಿ.ಸಿ. ಕೊಟ್ಟುಬಿಡಿ ಎಂದರು. ಮಗಳು ನೆಲ ನೋಡುತ್ತ ನಿಂತಿದ್ದಳು. ಅವಳನ್ನು ಕಂಡರೆ ನನಗೆ ಪ್ರಾಣ.

ನನಗೋ ಮೂಗಿನ ತುದಿಯಲ್ಲೇ ಕೋಪ. ಒಂದು ಖಾಲಿ ಕಾರ್ಡು ಎಳೆದುಕೊಂಡು, ನಿಮಗೂ ಒಂದು ಬರೆಯೋಣ ಎಂದೆ. ವಿಷಯ ತಮಿಳು. ಮಾತಾಡುವುದು? ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದೇನೆ ಎಂದು ಎದೆಯುಬ್ಬಿಸಿದರು. ‘ತಾನೇ’ ಎಂದು ಬರೆದೆ. ಓದುವುದು? ಅವರು ಗೋಡೆಯ ಗಡಿಯಾರ ನೋಡಿದರು. ಮಗಳೇ ತಮಿಳಿನಲ್ಲಿ ಉತ್ತರ ಕೊಟ್ಟಳು. ಪಲ್ಲಾವರಂ ಸಂತೆಗೆ ಹೋಗುವಾಗ ಅಪ್ಪನಿಗೆ ಬಸ್ಸಿನ ಬೋರ್ಡು ಓದಿ ಹೇಳುವವಳು ಅವಳಂತೆ.

“ಈಗ ಮಾತು, ಓದು ಎರಡನ್ನೂ ಕೂಡಿಸಿ ಶೇಕಡಾ ತೆಗೀಲಾ ಸಾರ್?” ಎಂದೆ. “ಎಷ್ಟೇ ಬರಲಿ, ನಿಮಗೆ ಓದೋಕೆ ಬರಲ್ಲ ಅನ್ನೋದು ಅದರಲ್ಲಿ ಕಾಣಿಸುತ್ತಾ?”

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಮಗಳೆದುರಿಗೆ ಅಪ್ಪನ ಮಾನ ಕಳೆದಿದ್ದೆ. ಅವರು ಅವಳ ಕಾರ್ಡನ್ನು ಮೊದಲಿನಿಂದ ಓದಿದರು. ಆಮೇಲೆ ಅವಳ ರಬ್ಬರ್ ಕೇಳಿ ಪಡೆದು ಎಪ್ಪತ್ತೊಂದನ್ನು ಅಳಿಸಿದರು.

“ಕಳಿಯೂ ಲೆಕ್ಕದಾಗ ಈಕಿಗೆ ಏನ್ ತಿಳಿವಲ್ದು ಅಂತ ಹೇಳ್ರಿ ಮೇಡಂ. ಸಂಜೀಕ ನಾ ಕೂಡ್ತೀನಿ.”

ದಶಕ ತರುವಲ್ಲಿ ಅವಳು ಎಡವುತ್ತಿದ್ದುದನ್ನು ತೋರಿಸಿದೆ. ಟಿ.ಸಿ. ಮಾತು ಮತ್ತೆ ಬರಲಿಲ್ಲ. ಪೋಷಕರ ಅಭಿಪ್ರಾಯ ಎಂಬಲ್ಲಿ ಕನ್ನಡದಲ್ಲಿ ಏನೋ ಬರೆದು, ರುಜು ಹಾಕಿ ಹೊರಟರು. ಹೆಡ್‌ಮಿಸ್ಟ್ರೆಸ್ಸರಿಗೆ ಅದನ್ನು ಓದಲು ಬರದೆ ನನ್ನನ್ನು ಕರೆಸಿದರು. ಓದಿ ಹೇಳಿದೆ:

‘ತಮಿಳು ಓದುವುದು. ಮಗಳು, ತಾನೇ. ಅಪ್ಪ, ಮಗಳ ಸಹಾಯ ಬೇಕು.’