ಹಿಕ್ಕೆ ಕಾಗದ

ಬೆಳಕು ಹರಿಯುವ ಮೊದಲು ಆದಿಲಕ್ಷ್ಮಮ್ಮ ಕೊಟ್ಟಿಗೆಯ ಸಗಣಿ ಬಾಚಬೇಕು, ಹೊಸ್ತಿಲು ಸಾರಿಸಬೇಕು, ಬಾವಿಯಿಂದ ನಾಲ್ಕು ಬಿಂದಿಗೆ ತರಬೇಕು, ರಾಗಿ ಬೀಸಬೇಕು, ಅತ್ತೆಗೆ ನೀರು ಕಾಯಿಸಬೇಕು, ಗಂಡನ ಪಂಚೆ ಒಗೆಯಬೇಕು, ಹಿಪ್ಪುನೇರಳೆ ಸೊಪ್ಪು ಕೊಯ್ದು ಹೆಚ್ಚಿ ರೇಷ್ಮೆಹುಳುಗಳಿಗೆ ಹಾಕಬೇಕು. ಕೊನೆಯದು ಹುಳುಗಳ ಹಿಕ್ಕೆ ತೆಗೆಯುವುದು. ಹುಳುಗಳನ್ನು ಬೇರೆ ತಟ್ಟೆಗೆ ಸಾಗಿಸಿ, ಹಳೆಯ ತಟ್ಟೆಗೆ ಹಾಸಿದ ಸುದ್ದಿಪತ್ರಿಕೆಯನ್ನು ತಿಪ್ಪೆಗೆ ಕೊಡವಬೇಕು.

ಆ ಹಾಳೆಗಳನ್ನು ಅವಳು ಓದುತ್ತಿದ್ದಳು. ಮುಳಬಾಗಿಲಿನ ತವರಿನಲ್ಲಿ ಮೂರನೇ ಕ್ಲಾಸು ಕಲಿತವಳು. ಹೊಸ ಕಾಗದದ ಕಟ್ಟು ಹೊತ್ತು ತರುವವಳು ಅವಳಾದರೂ ಅದನ್ನು ಬಿಚ್ಚಿ ಹಾಸುವುದು ಗಂಡ ಸೊಣ್ಣಪ್ಪನ ಕೆಲಸ. ಅವಳು ಅದನ್ನು ಹಿಡಿದು ಕೂತರೆ ಮನೆಯವರು ಸೋಮಾರಿ ಅನ್ನುತ್ತಿದ್ದರು. ಕೊಳೆಯಾದದ್ದು ಮಾತ್ರ ಓದಲು ಅವಳ ಕೈಗೆ ಬರುತ್ತಿತ್ತು. ಒದ್ದೆ ಹಿಕ್ಕೆಯನ್ನು ಹೆಬ್ಬೆರಳಿನಿಂದ ಒರೆಸುತ್ತ ಅಕ್ಷರ ಹುಡುಕುವಳು. ಉಗುರು ಹಸಿರಾಗುತ್ತಿತ್ತು. ಆ ವಾಸನೆ ಊಟದ ಮುದ್ದೆಯಲ್ಲೂ ಬರುತ್ತಿತ್ತು.

"ಥೂ! ಉಣ್ಣೋ ಕೈ ಕಣೇ ಅದು," ಅನ್ನುತ್ತಿದ್ದಳು ಅತ್ತೆ ಮುನಿಶಾಮಮ್ಮ. "ನಾಳೆ ತಿಪ್ಪೇಲಿ ಕೂತ್ಕೊಂಡು ಪುರಾಣ ಓದ್ತೀಯೇನೋ. ಊರೋರ್ನೂ ಕರೀಲಾ?"

ಎರಡನೇ ಮಹಾಯುದ್ಧದ ಮೂರನೇ ವರ್ಷ ಅದು. ಒಂದು ಹಾಳೆಯಲ್ಲಿ ಗರ್ಭಿಣಿಯೊಬ್ಬಳು ಬಾವಿಗೆ ಬಿದ್ದ ಸುದ್ದಿ ಇತ್ತು. ಜನ ಹಗ್ಗ ಇಳಿಸಿದರು ಎನ್ನುವಲ್ಲಿಗೆ ಹಾಳೆ ಹರಿದಿತ್ತು. ಉಳಿದರ್ಧ ಪಕ್ಕದ ತಟ್ಟೆಯ ಹುಳುಗಳ ಕೆಳಗಿತ್ತು. ಆ ಹುಳುಗಳು ಮೂರನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಆ ಹೊತ್ತಿನಲ್ಲಿ ತಲೆ ಎತ್ತಿ ಅಲ್ಲಾಡದೆ ಇರುವ ಹುಳುವನ್ನು ಯಾರೂ ಮುಟ್ಟುವುದಿಲ್ಲ. ಆದಿಲಕ್ಷ್ಮಮ್ಮ ಮುಟ್ಟಿದಳು. ಎಲ್ಲವನ್ನೂ ಎತ್ತಿ ಓದಿದಳು. ಹೆಂಗಸು ಬದುಕಿದ್ದಳು.

ಎರಡು ದಿನಕ್ಕೆ ಆ ತಟ್ಟೆಯ ಹುಳುಗಳು ಕಪ್ಪಾಗಿ ಕೀವಿನಂತೆ ಸೋರಿದವು. ಅವನ್ನೂ ಅವಳೇ ಬಳಿದಳು. ತನ್ನ ಮೇಲೆಯೇ ಹೇಸಿಗೆಯಾಯಿತು. ಈ ಓದುವ ಗೀಳು ಏನು ರೋಗವೋ, ಬಿಡುವುದು ಹೇಗೋ ಎಂದು ಹೆದರಿಕೆಯೂ ಹುಟ್ಟಿತು. ಹಳೆಯ ಪತ್ರಿಕೆ ತರಲು ಪಕ್ಕದೂರು ದೇವರಾಯಸಮುದ್ರದ ಚನ್ನರಾಯಪ್ಪ ಮೇಷ್ಟ್ರ ಮನೆಗೆ ಹೋದಾಗ ತಡೆಯಲಾರದೆ ಎಲ್ಲ ಹೇಳಿಬಿಟ್ಟಳು.

ಮೇಷ್ಟ್ರು ಎಲೆಅಡಿಕೆ ಜಗಿಯುತ್ತ ನಕ್ಕರು. "ಹಿಕ್ಕೆ ಕಾಗ್ದಾನಾ? ಶಿವ ಶಿವಾ! ರೋಗ ಅಲ್ಲಮ್ಮ, ಚಪಲ ಇದು. ಓದ್ಲೇಬೇಕು ಅನ್ಸಿದ್ರೆ ಕೆಲ್ಸ ಎಲ್ಲಾ ಮುಗಿಸ್ಕೊಂಡು, ಕೈಕಾಲು ತೊಳ್ಕೊಂಡು, ದೇವರ ಹಾಡು ಓದ್ಕೋ."

"ಕೆಲ್ಸ ಮುಗಿಯೋದು ಯಾವಾಗ ಸ್ವಾಮಿ?"

ಅವರಿಗೆ ಅದು ಚೇಷ್ಟೆಯಾಗಿ ಕೇಳಿತು. ಇನ್ನಷ್ಟು ನಕ್ಕು, ಬಾಯಲ್ಲಿ ಎಲೆಅಡಿಕೆ ರಸ ತುಂಬಿ ಗದ್ದ ಎತ್ತಿದರು. ಹೆಂಡತಿ ಅನಸೂಯಮ್ಮ ಒಳಗಿನಿಂದ ಓಡಿಬಂದು ಪೀಕದಾನಿ ಹಿಡಿದಳು. ಕೆಂಪು ಎಂಜಲು ಅಂಚಿಗೆ ಎಳೆಯಾಗಿ ಜೋತಿತು. ಅನಸೂಯಮ್ಮ ಅದನ್ನು ಬೆರಳಿನಿಂದ ಒರೆಸಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಥೂ ಎಂದು ಯಾರೂ ಅನ್ನಲಿಲ್ಲ. ಇಷ್ಟು ವರ್ಷ ಹಿಕ್ಕೆ ಬಳಿದರೂ ಆದಿಲಕ್ಷ್ಮಮ್ಮನಿಗೆ ಇಷ್ಟು ಹೇಸಿಗೆ ಆಗಿರಲಿಲ್ಲ.

"ಒಂದು ಉಪಾಯ ಹೇಳ್ತೀನಿ," ಎಂದರು ಮೇಷ್ಟ್ರು. ಜಗಲಿಯ ಮೇಲೆ ಎರಡು ಕಟ್ಟು ಇದ್ದವು. "ಇನ್ಮೇಲೆ ಇಂಗ್ಲಿಷ್ ಪೇಪರ್ ತಗೊಂಡ್ಹೋಗು. ನಿಂಗೆ ಓದಕ್ಕೆ ಬರಲ್ಲ, ಚಪಲಾನೂ ಇರಲ್ಲ. ಹುಳಕ್ಕೆ ಯಾವ್ದಾದ್ರೇನು? ಕನ್ನಡದ್ದು ಶೆಟ್ಟರ ಅಂಗಡಿಗೆ ಕೊಡ್ತೀನಿ." ತಾವೇ ಇಂಗ್ಲಿಷಿನ ಕಟ್ಟು ಅವಳ ಕಡೆ ನೂಕಿ, ಊಟಕ್ಕೆ ಎದ್ದು ಹೋದರು.

ಒಳಗೆ ಮಣೆ ಹಾಕಿದ ಸದ್ದು, ಬಡಿಸುವ ಬಳೆಯ ಸದ್ದು. ಜಗಲಿಯಲ್ಲಿ ಅವಳೊಬ್ಬಳೇ. ಇಂಗ್ಲಿಷಿನ ಕಟ್ಟನ್ನು ಇದ್ದಲ್ಲಿಗೇ ಸರಿಸಿದಳು. ಕನ್ನಡದ ಕಟ್ಟನ್ನು ತಲೆಯ ಮೇಲಿಟ್ಟುಕೊಂಡು ಹೊರಟಳು.

ಕೆರೆ ಏರಿಯ ಮೇಲೆ ಒಂದು ಹುಣಸೆಮರ. ಅದರ ನೆರಳಲ್ಲಿ ಕಟ್ಟು ಇಳಿಸಿ, ಹುರಿ ಬಿಚ್ಚಿ, ಕಾಲು ಚಾಚಿ ಕುಳಿತಳು. ದಾರಿಹೋಕರು ನೋಡಿಕೊಂಡು ಹೋದರು. ಒಂದು ಕಲೆಯೂ ಇಲ್ಲದ ಮೊದಲ ಹಾಳೆಯನ್ನು ಮೇಲಿನ ಸಾಲಿನಿಂದ ಓದತೊಡಗಿದಳು.