ಅಳಿಲುಗಳ ಡ್ರಾಯರಿನಲ್ಲಿದ್ದ ಬುರುಡೆ

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ಎರಡು ವರ್ಷ ಕಾಲೇಜಿನಲ್ಲಿ ಪಾಠವನ್ನೂ ಮಾಡಿದ್ದ ರೇಣುವಿಗೆ ಅಮೆರಿಕದ ಕೆಂಡಲ್ ಪಾರ್ಕಿನ ಅಪಾರ್ಟ್‌ಮೆಂಟಿನಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅದು ತೊಂಬತ್ತೊಂಬತ್ತನೇ ಇಸವಿ. ಗಂಡ ಬಸವನಿಗೆ, ಎರಡು ಸಾವಿರನೇ ಇಸವಿ ಬಂದಾಗ ಕಂಪ್ಯೂಟರುಗಳು ಕೆಡದಂತೆ ಸರಿಪಡಿಸುವ ವೈಟುಕೆ ಕೆಲಸ ಕೈತುಂಬ. ಅವಳದು ಹೆಂಡತಿಯಾಗಿ ಸಿಕ್ಕ ಎಚ್-ಫೋರ್ ವೀಸಾ, ಸಂಬಳಕ್ಕೆ ದುಡಿಯುವಂತಿಲ್ಲ. ಒರೆಸಿದ ಅಡುಗೆಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು.

“ಎಷ್ಟು ಓಡಾಡ್ತಿ? ಚೂರು ಕೂಡಬಾರದೇನ?” ಎಂದ ಬಸವ.

“ಕೂತ್ರ ತಲಿ ಕೆಡ್ತದ್ರಿ.”

ಮ್ಯಾನ್‌ಹಟನ್ನಿನ ಕಾಲೇಜೊಂದರಲ್ಲಿ ಪ್ರಾಣಿಗಳ ಎಲುಬಿನ ಸಂಗ್ರಹ ನೋಡಿಕೊಳ್ಳುತ್ತಿದ್ದ ಮೈಸೂರಿನ ಕೃಷ್ಣಸ್ವಾಮಿ ಪರಿಚಯವಾದ ಮೇಲೆ, ವಾರಕ್ಕೆರಡು ದಿನ ಅಲ್ಲಿಗೆ ವಾಲಂಟಿಯರ್ ಆಗಿ ಹೋಗತೊಡಗಿದಳು. ಹಳೆಯ ಚೀಟಿಗಳಲ್ಲಿದ್ದುದನ್ನು ಕಂಪ್ಯೂಟರಿಗೆ ಏರಿಸುವ ಕೆಲಸ.

ಮಾರ್ಚಿನ ಒಂದು ಬೆಳಿಗ್ಗೆ ಅಳಿಲುಗಳ ಡ್ರಾಯರಿನಲ್ಲಿ ಒಂದು ಬುರುಡೆ ಸಿಕ್ಕಿತು. ಚೀಟಿಯಲ್ಲಿ ‘ದೊಡ್ಡ ಅಳಿಲು, ಮಡಗಾಸ್ಕರ್’ ಎಂದಿತ್ತು. ಆ ದ್ವೀಪದಲ್ಲಿ ಅಳಿಲೇ ಇಲ್ಲವಲ್ಲ! ಮುಂದಿನ ಹಲ್ಲುಗಳೇನೋ ಇಲಿ, ಅಳಿಲುಗಳಂತೆ ಸಾಯುವವರೆಗೂ ಬೆಳೆಯುವ ಬಾಗಿದ ಹಲ್ಲುಗಳೇ. ಆದರೆ ಕಣ್ಣಿನ ಗೂಡಿನ ಹಿಂದೆ ಎಲುಬಿನ ಕಟ್ಟೊಂದು ಬಳಸಿ ಬಂದಿತ್ತು. ಮಂಗನ ಬಳಗದ ಗುರುತು ಅದು. ಬುರುಡೆ ಹಿಡಿದು ನೇರ ಕೃಷ್ಣಸ್ವಾಮಿಯವರ ಕೋಣೆಗೆ ನುಗ್ಗಿದಳು.

“ಅಂಕಲ್, ಇದು ಅಳಿಲಲ್ರಿ. ಆಯ್-ಆಯ್ ಅನ್ನೋ ಲೀಮರ್! ಮಂಗನ ಬಳಗದ್ದು!”

“ನೂರು ವರ್ಷದ ಚೀಟಿಯಮ್ಮ ಅದು. ನಾನೇ ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ.”

“ಕಣ್ಣಿನ ಹಿಂದ ಬೆರಳಿಟ್ಟು ನೋಡ್ರಿ.”

ಕೃಷ್ಣಸ್ವಾಮಿ ಬೆರಳಿಟ್ಟರು. ಆಮೇಲೆ ಕನ್ನಡಕ ತೆಗೆದು, “ನಾನು ಒಂದ್ಸಲವೂ ಕೈಗೆತ್ತಿಕೊಂಡೇ ಇರಲಿಲ್ಲ ಕಣಮ್ಮ,” ಎಂದರು.

ಅಂದು ಗ್ರಂಥಾಲಯದಿಂದ ತಂದ ಪುಸ್ತಕ ಓದುತ್ತ ಬಸ್ಸಿನಲ್ಲಿ ತನ್ನ ಸ್ಟಾಪನ್ನೇ ದಾಟಿಹೋದಳು. ಆಯ್-ಆಯ್ ಎಂದರೆ, ಕಡ್ಡಿಯಂಥ ನಡುಬೆರಳಿನಿಂದ ಮರ ತಟ್ಟಿ, ಒಳಗಿನ ಹುಳುವಿನ ಸದ್ದು ಕೇಳಿ, ಹಲ್ಲಿನಿಂದ ತೂತು ಕೊರೆದು ಅದೇ ಬೆರಳಲ್ಲಿ ಎಳೆದು ತಿನ್ನುವ ಪ್ರಾಣಿ. ಹಿಂದೆ ವಿಜ್ಞಾನಿಗಳೂ ಅದನ್ನು ಅಳಿಲೆಂದೇ ಎಣಿಸಿದ್ದರು. ಅದರ ಕುಟುಂಬದಲ್ಲಿ ಉಳಿದಿರುವ ಜಾತಿ ಅದೊಂದೇ. ಅದು ಬದುಕುವ ಕಾಡು ಕರಗುತ್ತಿತ್ತು. ಕಂಡರೆ ಅಪಶಕುನವೆಂದು ಕೆಲವು ಊರುಗಳಲ್ಲಿ ಕೊಲ್ಲುತ್ತಲೂ ಇದ್ದರು.

ಕೃಷ್ಣಸ್ವಾಮಿಯವರ ಶಿಫಾರಸು ಪತ್ರದಿಂದ ಮರುವರ್ಷ ಅಲ್ಲೇ ಪಿಎಚ್‌ಡಿ ಸೀಟು ಸಿಕ್ಕಿತು.

“ದಿನಾ ನಾಲ್ಕು ತಾಸು ಬಸ್ಸಿನ್ಯಾಗ ಹೋಗ್ತಾವ, ಗೊತ್ತದ ಇಲ್ಲ?” ಎಂದ ಬಸವ.

“ಗೊತ್ತದ. ಸಂಜಿ ಸಾರು ನೀವ ಬಿಸಿ ಮಾಡ್ಕೋರಿ.”

ಮೂರು ವರ್ಷಗಳ ಬಳಿಕ ರೇಣು ಆಯ್-ಆಯ್ ಹುಡುಕುತ್ತ ಮಡಗಾಸ್ಕರಿನ ಕಾಡಿನಲ್ಲಿ ಹನ್ನೊಂದು ವಾರ ಅಲೆದಳು. ಕಂಡದ್ದು ಮರಗಳಲ್ಲಿ ಕೊರೆದ ತೂತುಗಳು ಮಾತ್ರ. ಮನೆಗೆ ಬಂದವಳು ಪೆಟ್ಟಿಗೆ ಬಿಚ್ಚುವ ಮೊದಲೇ, ಮುಂದಿನ ಬೇಸಿಗೆಗೆ ಮತ್ತೆ ಹೊರಡುವುದೆಂದು ಬಸವನಿಗೆ ಹೇಳಿಬಿಟ್ಟಳು.